ಪುಣ್ಯಾಶ್ರಮದ ದಿನಚರಿ

ಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರು ವಾಡಿಕೆಯಂತೆ ಅಡಿಗಲ್ಲಿನಿಂದ ಆರಂಭಿಸಿ, ದಾನಿಗಳ ನಾಮಾವಳಿಯನ್ನು ದಾಟಿ, ಕಟ್ಟಡಗಳ ಉದ್ಘಾಟನೆಗಳನ್ನು ಒಂದೊಂದಾಗಿ ಎಣಿಸಿ, ಕಡೆಗೆ ಪ್ರಶಸ್ತಿಗಳ ಪಟ್ಟಿಯ ಬಳಿ ಬಂದು ನಿಲ್ಲುವುದುಂಟು. ಆ ಸಂಸ್ಥೆಯ ಆಶ್ರಯದಲ್ಲಿದ್ದವರು ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನು ಮಾಡುತ್ತಿದ್ದರು, ಅವರ ಹೊತ್ತು ಹೇಗೆ ಕಳೆಯುತ್ತಿತ್ತು, ಹಾಗೆಯೇ ಕಳೆಯಬೇಕೆಂದು ಗೊತ್ತುಮಾಡಿದವರು ಯಾರು, ಅದರಿಂದ ಅವರ ಮೈಗೂ ಮನಸ್ಸಿಗೂ ಹಿತವಾಯಿತೆಂಬುದನ್ನು ತಿಳಿದುದಾದರೂ ಎಂತು ಎಂಬ ಪ್ರಶ್ನೆಗಳಿಗೆ ಅಂಥ ಚರಿತ್ರೆಗಳಲ್ಲಿ ಉತ್ತರ ದೊರೆಯುವುದು ವಿರಳ. ಈಚಿನ ಕಡತಗಳು ಈ ವಿಷಯವನ್ನು ‘ಪಾಲನಾ ಸಂಸ್ಥೆಗಳ ನಿವಾಸಿಗಳಿಗಾಗಿ ವಿರಾಮ ಹಾಗೂ ಆರೋಗ್ಯ ಕಾರ್ಯಕ್ರಮಗಳ ಯೋಜನೆ ಮತ್ತು ಮೌಲ್ಯಮಾಪನ’ ಎಂಬ ಉದ್ದನೆಯ ಹೆಸರಿನಿಂದ ಕರೆಯುತ್ತವೆ. ಹೆಸರು ಹೊಸದಾದ ಮಾತ್ರಕ್ಕೆ ವಿಷಯವೂ ಹೊಸದೆಂದು ತಿಳಿಯಬೇಕಾದುದಿಲ್ಲ. ನಮ್ಮ ನಾಡಿನಲ್ಲಿಯೇ, ನಮ್ಮ ನೆರೆಯ ತಾಲ್ಲೂಕಿನ ಮಕ್ಕಳಿಂದಲೇ, ಒಂದು ಶತಮಾನಕ್ಕೂ ಹಿಂದೆ ಅದು ಆರಂಭವಾಗಿತ್ತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಸವಣೂರು ತಾಲ್ಲೂಕಿನ ನಮ್ಮ ಹತ್ತಿಮತ್ತೂರು ಶಾಸನಗಳನ್ನು ಓದುವವರಿಗೆ ರಾಷ್ಟ್ರಕೂಟರ ಕಾಲದಿಂದ ಪರಿಚಿತವಾದ ಊರು. ಉಳಿದವರಿಗೆ ಜೋಳ, ಹತ್ತಿ, ಮೆಣಸಿನಕಾಯಿಗಳ ಸೀಮೆಯೊಳಗಿನ ಒಂದು ದೊಡ್ಡ ಹಳ್ಳಿ. 1997ರಲ್ಲಿ ಜಿಲ್ಲೆಗಳು ಬೇರೆಯಾಗುವತನಕ ನಾವೂ ಗದುಗಿನವರೂ ಒಂದೇ ಧಾರವಾಡ ಜಿಲ್ಲೆಯವರಾಗಿದ್ದೆವು. ಆದುದರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಪರವೂರಿನ ಕಥೆಯನ್ನು ಹೇಳಿದಂತಾಗದು. ಅಂಧರಿಗೆ, ಅನಾಥರಿಗೆ, ಅಂಗವಿಕಲರಿಗೆ ಅನ್ನವನ್ನೂ ನಾದವನ್ನೂ ಒಟ್ಟಿಗೆ ಬಡಿಸಿದ ಆ ಆಶ್ರಮದ ಬೇರನ್ನು ಹುಡುಕುತ್ತ ಹೋದರೆ ಅದು ಹಾನಗಲ್ಲ ತಾಲ್ಲೂಕಿಗೆ ಬಂದು ಮುಟ್ಟುತ್ತದೆ. ಅದನ್ನು ಸಂಕಲ್ಪಿಸಿದ ಕುಮಾರ ಮಹಾಸ್ವಾಮಿಗಳವರು ಹಾನಗಲ್ಲ ವಿರಕ್ತಮಠದ ಅಧಿಪತಿಗಳು. ಅದನ್ನು ನಡೆಸಿದ ಪಂಚಾಕ್ಷರ ಗವಾಯಿಗಳವರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು. ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳವರು ಅದೇ ತಾಲ್ಲೂಕಿನ ದೇವಗಿರಿಯವರು. ಒಂದು ತಾಲ್ಲೂಕು ಒಂದು ಸಂಸ್ಥೆಗೆ ಇದಕ್ಕಿಂತ ಹೆಚ್ಚಾಗಿ ಏನನ್ನು ತಾನೆ ಕೊಡಬಲ್ಲುದು?

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ನಮ್ಮ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗುವಿನ ಬಾಳು ಹೇಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಿಡುಬು ಊರಿಗೆ ಬಂದು ಹೋದಾಗಲೆಲ್ಲ ಬದುಕಿ ಉಳಿದವರಲ್ಲಿ ಕೆಲವರ ಕಣ್ಣನ್ನು ಕೊಂಡೊಯ್ಯುತ್ತಿತ್ತು. ಹಸುಗೂಸುಗಳ ಕಣ್ಣುಬೇನೆಗೆ ಮನೆಮದ್ದಿನ ಹೊರತು ಬೇರೆ ಚಿಕಿತ್ಸೆಯಿರಲಿಲ್ಲ. ಹುಟ್ಟುಗುರುಡುತನವನ್ನು ಪ್ರಾರಬ್ಧವೆಂದು ಹೇಳಿ ಕೈಚೆಲ್ಲುತ್ತಿದ್ದರು. ಇಂಥ ಮಕ್ಕಳನ್ನು ನಮ್ಮ ಜನ ಬೀದಿಗೆ ತಳ್ಳಿದರೆಂದು ಹೇಳಿದರೆ ಅದು ಅನ್ಯಾಯದ ಮಾತಾದೀತು. ಮನೆಯಲ್ಲಿ ರೊಟ್ಟಿಯಿತ್ತು, ಕಟ್ಟೆಯ ಮೇಲೆ ಒಂದು ಮೂಲೆಯಿತ್ತು, ಹಬ್ಬಹರಿದಿನಗಳಲ್ಲಿ ಹೊಸ ಅಂಗಿಯೂ ಇದ್ದೀತು. ಇಲ್ಲದಿದ್ದುದು ನಾಳೆಯ ಯೋಚನೆ. ಮಗು ದೊಡ್ಡದಾದ ಮೇಲೆ ಏನು ಮಾಡಬೇಕು, ತಾಯಿತಂದೆಗಳು ತೀರಿದ ಮೇಲೆ ಯಾರ ಮನೆಯ ಪಡಸಾಲೆಯಲ್ಲಿ ಕುಳಿತಿರಬೇಕು ಎಂಬುದನ್ನು ವಿಚಾರಿಸುವವರಿರಲಿಲ್ಲ. ಇದಕ್ಕೆ ಅಪವಾದವಾಗಿ ಇದ್ದುದು ಒಂದೇ ಸ್ಥಳ. ಅದು ಭಜನೆಯ ಮನೆ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫಸಾಹೇಬರು 1889ರಲ್ಲಿ ತೀರಿಕೊಂಡರೂ ಅವರ ತತ್ತ್ವಪದಗಳು ಸುತ್ತಣ ಹಳ್ಳಿಗಳ ಬಾಯಲ್ಲಿ ಬೆಳೆಯುತ್ತಲೇ ಇದ್ದುವು. ಏಕತಾರಿ ದಮ್ಮಡಿಗಳ ನಡುವೆ ಕುಳಿತು ಹಾಡುವಾಗ ಕಣ್ಣುಳ್ಳವನಿಗೂ ಕಣ್ಣಿಲ್ಲದವನಿಗೂ ಭೇದವಿರಲಿಲ್ಲ, ನೆನಪಿನ ಶಕ್ತಿ ಹೆಚ್ಚಾಗಿದ್ದ ಕಣ್ಣಿಲ್ಲದವನೇ ಎಷ್ಟೋ ವೇಳೆ ಮೇಳಕ್ಕೆ ಮುಂದಾಳಾಗುತ್ತಿದ್ದನು. ದಿನವಿಡೀ ದುಡಿದು ದಣಿದವರು ವಿರಾಮಕ್ಕೆಂದು ಕೂಡುವ ಆ ಎಡೆಯಲ್ಲಿ, ದುಡಿಮೆಯಿಲ್ಲದೆ ದಣಿದಿದ್ದವನಿಗೆ ಒಂದು ಕೆಲಸ ಸಿಕ್ಕುತ್ತಿತ್ತೆಂಬುದು ಗಮನಿಸತಕ್ಕ ಸಂಗತಿ. ಮುಂದೆ ಪುಣ್ಯಾಶ್ರಮದಲ್ಲಿ ನಡೆದುದೆಲ್ಲಕ್ಕೂ ಇಲ್ಲಿಯೇ ಬೀಜವಿದೆಯೆಂದು ನನ್ನ ಎಣಿಕೆ.

1892ರ ಫೆಬ್ರುವರಿ 2ರಂದು ಕಾಡಶೆಟ್ಟಿಹಳ್ಳಿಯ ಒಂದು ಬಡ ಜಂಗಮ ಕುಟುಂಬದಲ್ಲಿ ಜನಿಸಿದ, ಮುಂದೆ ಪಂಚಾಕ್ಷರ ಗವಾಯಿಗಳಾದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಆತನ ಅಣ್ಣ ಗುರುಬಸಯ್ಯನೂ ಅಂಧನೇ. ಇಬ್ಬರಿಗೂ ಸೊಗಸಾದ ಕಂಠವಿತ್ತು. ಈ ಬಾಲಕರ ಹಾಡನ್ನು ಕೇಳಿದ ಕುಮಾರ ಮಹಾಸ್ವಾಮಿಗಳವರು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡುದು ನಮ್ಮ ಕಡೆ ಮನೆಮನೆಯಲ್ಲಿಯೂ ಹೇಳುವ ಕಥೆ. 1995ರಲ್ಲಿ ತೆರೆಗೆ ಬಂದ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಲನಚಿತ್ರದಿಂದ ಅದು ನಾಡಿಗೆಲ್ಲ ತಿಳಿದಿದೆ. ಕಥೆಯಲ್ಲಿ ಕರುಣೆಯ ಭಾಗವು ಎದ್ದು ತೋರುವುದು ಸಹಜ. ಆದರೆ ಕರುಣೆಯಷ್ಟೇ ಇದ್ದಿದ್ದರೆ ಮಠದ ದಾಸೋಹದಲ್ಲಿ ಎರಡು ಎಲೆಗಳು ಹೆಚ್ಚಾಗಿ ಅಲ್ಲಿಗೇ ವಿಷಯ ಮುಗಿಯುತ್ತಿತ್ತು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹಾನುಭಾವರಿಗೆ ಸಂಸ್ಥೆಗಳನ್ನು ಕಟ್ಟುವ ಬುದ್ಧಿಯು ಜನ್ಮತಃ ಬಂದುದಾಗಿತ್ತು. ಆ ಬುದ್ಧಿಯನ್ನೇ ಅವರು ಈ ಬಾಲಕರ ವಿಷಯದಲ್ಲಿಯೂ ಉಪಯೋಗಿಸಿದರು. ಹುಡುಗನಲ್ಲಿ ಇರುವುದೇನು, ಇಲ್ಲದುದೇನು, ಇರುವುದನ್ನು ಬೆಳೆಸಲು ಎಂಥ ಗುರು ಬೇಕು, ಆ ಗುರು ಎಲ್ಲಿದ್ದಾನೆ, ಅಲ್ಲಿಗೆ ಕಳುಹಿಸಿದರೆ ತಗಲುವ ವೆಚ್ಚವೆಷ್ಟು, ಕಲಿತು ಬಂದ ಮೇಲೆ ಅವನಿಂದ ಇನ್ನೆಷ್ಟು ಜನರಿಗೆ ಉಪಕಾರವಾದೀತು ಎಂದು ಕ್ರಮವಾಗಿ ವಿಚಾರಿಸಿದವರು ಮಾತ್ರ ಮಾಡಬಹುದಾದ ಏರ್ಪಾಡನ್ನು ಅವರು ಮಾಡಿದರು. ಅಣ್ಣನು ಅಲ್ಪಾಯುಷಿಯಾಗಿ ತೀರಿಕೊಂಡನು. ತಮ್ಮನನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ಮೈಸೂರಿಗೆ ಕಳುಹಿಸಲಾಯಿತು. ಅದು ಮುಗಿದ ತರುವಾಯ ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಪದ್ಧತಿಯ ಪಾಠವನ್ನೂ ಕೊಡಿಸಲಾಯಿತು. ತುಂಗಭದ್ರೆಯ ಆಚೆಗೊಂದು ಈಚೆಗೊಂದು ಎಂದು ಹಂಚಿಹೋಗಿದ್ದ ಎರಡು ಪದ್ಧತಿಗಳನ್ನೂ ಒಬ್ಬನೇ ಅಧಿಕಾರಯುತವಾಗಿ ಕಲಿಯುವುದು ಅಂದಿಗೆ ಅಪರೂಪ. ಪಂಚಾಕ್ಷರ ಗವಾಯಿಗಳವರಿಗೆ ‘ಉಭಯಗಾನ ವಿಶಾರದ’ರೆಂಬ ಬಿರುದು ಅನ್ವರ್ಥವಾಗಿ ಸಂದಿತು. ನಾಳೆ ಶಿಷ್ಯನೊಬ್ಬನು ಮೈಸೂರ ಕಡೆ ಹೋದರೂ ಪುಣೆಯ ಕಡೆ ಹೋದರೂ ಅನ್ನಕ್ಕೆ ಮೋಸವಿರಬಾರದೆಂಬ ಮುಂದಾಲೋಚನೆ ಇದರಲ್ಲಿ ಅಡಗಿತ್ತೆಂದು ನಾನು ಭಾವಿಸಿದರೆ ಅದು ಉತ್ಪ್ರೇಕ್ಷೆಯಾಗಲಾರದು.

1914ರಲ್ಲಿ, ಇಂದಿನ ಗದಗ ಜಿಲ್ಲೆಯ ನಿಡಗುಂದಿಕೊಪ್ಪದಲ್ಲಿ, ಕುಮಾರ ಮಹಾಸ್ವಾಮಿಗಳವರ ಅಪ್ಪಣೆಯ ಮೇರೆಗೆ ಗವಾಯಿಗಳವರ ಸಂಗೀತ ಶಾಲೆ ಆರಂಭವಾಯಿತು. ಶಾಲೆಯೆಂದೊಡನೆ ನಾಲ್ಕು ಗೋಡೆಗಳನ್ನು ಕಲ್ಪಿಸಿಕೊಳ್ಳಲಾಗದು. ಅದು ಬಹುಕಾಲ ಸಂಚಾರಿ ಶಾಲೆಯಾಗಿಯೇ ನಡೆಯಿತು. ತಂಬೂರಿ, ಪೇಟಿ, ತಬಲಾ ಡಗ್ಗಾಗಳೊಡನೆ ಗುರುವೂ ಶಿಷ್ಯರೂ ಊರಿಂದೂರಿಗೆ ಹೋಗುತ್ತಿದ್ದರು. ಅಂದಿನ ದಿನಗಳಲ್ಲಿ ಚಕ್ಕಡಿ, ಕಾಲ್ನಡಿಗೆ, ಎಲ್ಲಿಯಾದರೂ ಸಿಕ್ಕರೆ ರೈಲುಗಾಡಿ, ಇಷ್ಟೇ ಸಾಧನಗಳು. ಒಂದು ಊರಿನ ಮಠದಲ್ಲಿ ಕೆಲವು ಕಾಲ ಬಿಡಾರ, ಅಲ್ಲಿ ಬೆಳಗ್ಗೆ ಪಾಠ, ಸಂಜೆ ಊರವರೆದುರಿಗೆ ಹಾಡಿಕೆ. ಊರವರು ಕೊಟ್ಟ ಜೋಳ, ಬೇಳೆ, ಎಣ್ಣೆಗಳಿಂದ ಎಲ್ಲರ ಊಟ. ಸರಕಾರದ ಗ್ರಾಂಟು ಇರಲಿಲ್ಲ, ಮಳೆ ಹೋದ ವರ್ಷಗಳಲ್ಲಿ ಊರವರ ಕಣಜವೂ ಬರಿದಾಗಿರುತ್ತಿತ್ತು. ಇಂಥ ಅಲೆದಾಟವು ಬಡತನದ ಫಲವೆಂಬುದು ನಿಜವಾದರೂ ಅದರಿಂದ ಒಂದು ಲಾಭವೂ ಆಯಿತೆಂಬುದನ್ನು ಮರೆಯಬಾರದು. ಕಣ್ಣಿಲ್ಲದ ಬಾಲಕನು ಸ್ವಭಾವತಃ ತಾನು ಬಲ್ಲ ಕೋಣೆಯನ್ನು ಬಿಟ್ಟು ಕದಲಲೊಲ್ಲ. ಪ್ರೀತಿಯುಳ್ಳ ಮನೆಯವರು ಅವನನ್ನು ಕದಲಗೊಡುವುದೂ ಇಲ್ಲ. ಹೀಗಾಗಿ ಕಾಲಿದ್ದೂ ಕಾಲಿಲ್ಲದವನಂತೆ ಅವನ ಮೈ ಜಡ್ಡುಗಟ್ಟುವುದು. ಸಂಚಾರಿ ಶಾಲೆಯ ಬಾಲಕನಾದರೋ ಮೇಲಿಂದ ಮೇಲೆ ಹೊಸ ಮೆಟ್ಟಿಲು, ಹೊಸ ಬಾವಿಕಟ್ಟೆ, ಹೊಸ ದನಿಗಳನ್ನು ಪರಿಚಯಮಾಡಿಕೊಳ್ಳಬೇಕಾಗಿತ್ತು. ಊರ ಚಾವಡಿಯಲ್ಲಿ ನೂರು ಜನರೆದುರು ಹಾಡಬೇಕಾಗಿತ್ತು. ಅಂಧರ ಶಾಲೆಗಳಲ್ಲಿ ಇಂದು ‘ಚಲನವಲನ ತರಬೇತಿ’ ಎಂದು ಪ್ರತ್ಯೇಕವಾಗಿ ಕಲಿಸುವ ವಿದ್ಯೆಯು ಅಲ್ಲಿ ಹೆಸರಿಲ್ಲದೆಯೇ ದಿನಚರಿಯೊಳಗೆ ಬೆರೆತುಹೋಗಿತ್ತು.

ಈ ಯೋಜನೆಯ ವೈಶಿಷ್ಟ್ಯವು ತಿಳಿಯಬೇಕಾದರೆ ಅದೇ ಕಾಲದಲ್ಲಿ ಅನ್ಯತ್ರ ನಡೆಯುತ್ತಿದ್ದುದನ್ನು ಸ್ವಲ್ಪ ನೋಡಬೇಕು. ಪ್ಯಾರಿಸ್ ನಗರದಲ್ಲಿ ವಾಲೆಂಟಿನ್ ಹಾಯಿ ಎಂಬಾತನು 1785ರಲ್ಲಿ ತೆರೆದ ಅಂಧರ ಶಾಲೆಯಲ್ಲಿ ಓದಿ ಅಲ್ಲಿಯೇ ಅಧ್ಯಾಪಕನಾದ ಲೂಯಿ ಬ್ರೈಲನು ಒಳ್ಳೆಯ ಆರ್ಗನ್ ವಾದಕ. 1829ರಲ್ಲಿ ಆತನು ಪ್ರಕಟಿಸಿದ ಚುಕ್ಕೆಗಳ ಲಿಪಿಯ ಪುಸ್ತಕದಲ್ಲಿ ಅಕ್ಷರಗಳಿಗೆ ದೊರೆತ ಸ್ಥಾನ ಸಂಗೀತದ ಬರಹಕ್ಕೂ ದೊರೆತಿತ್ತು. ಅಂತೂ ಅಂಧರ ವಿದ್ಯೆಗೂ ಸಂಗೀತಕ್ಕೂ ನಂಟು ಯೂರೋಪಿನಲ್ಲಿಯೂ ಹಳೆಯದೇ. ಆದರೆ ಕಾಲಕ್ರಮದಲ್ಲಿ ಅಲ್ಲಿಯ ಸಂಸ್ಥೆಗಳು ಬುಟ್ಟಿ ಹೆಣೆಯುವುದು, ಬ್ರಷ್ಷು ಕಟ್ಟುವುದು, ಕುರ್ಚಿಗೆ ಬೆತ್ತ ಹಾಕುವುದು ಮುಂತಾದ ಕಸಬುಗಳನ್ನು ಅನ್ನದ ದಾರಿಯೆಂದೂ, ಸಂಗೀತವನ್ನು ವಿರಾಮದ ವಿನೋದವೆಂದೂ ವಿಂಗಡಿಸತೊಡಗಿದುವು. ನಮ್ಮ ದೇಶದಲ್ಲಿ 1887ರಲ್ಲಿ ಅಮೃತಸರದಲ್ಲಿ ಮೊದಲ್ಗೊಂಡ ಅಂಧರ ಶಾಲೆಗಳ ಪರಂಪರೆಯೂ ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿಯಿತು. ಸರಕಾರಿ ಕಚೇರಿಗಳ ಬೆತ್ತದ ಕುರ್ಚಿಗಳನ್ನು ಎಷ್ಟೋ ಕಾಲ ಹೆಣೆದವರು ಅಂಧರೇ. ಬೆತ್ತದ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಕುರ್ಚಿಯ ಮೇಲೆ ಕುಳಿತವನಿಗೆ ಅದನ್ನು ಹೆಣೆದವನ ಮುಖವು ಕಾಣದು. ಹಾಡುವವನ ಎದುರಿಗೆ ಕೇಳುವವನು ಕುಳಿತೇ ಇರಬೇಕು. ಹಾನಗಲ್ಲ ಸ್ವಾಮಿಗಳು ಆರಿಸಿದ ಕಸಬಿನಲ್ಲಿ ದುಡಿಮೆ, ವಿನೋದ, ಉಪಾಸನೆ, ಸಮಾಜದ ಸಂಗ ಇವೆಲ್ಲ ಒಂದೇ ಹೊತ್ತಿನಲ್ಲಿ ಒದಗುತ್ತಿದ್ದುವು. ಇದು ವಿರಾಮದ ವೇಳೆ, ಇದು ಕೆಲಸದ ವೇಳೆ ಎಂದು ಗೆರೆ ಎಳೆಯುವ ಪ್ರಸಂಗವೇ ಅಲ್ಲಿ ಬರಲಿಲ್ಲ.

ಸಂಚಾರದ ಶಾಲೆ ಕಟ್ಟಕಡೆಗೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. ಹುಬ್ಬಳ್ಳಿ ಗುಂತಕಲ್ಲುಗಳ ನಡುವಣ ರೈಲುದಾರಿಯ ಮೇಲಿದ್ದು, ಹತ್ತಿಯ ವ್ಯಾಪಾರದಿಂದ ಸಿರಿವಂತವಾಗಿದ್ದ, ಸಂಗೀತ ನಾಟಕಗಳಲ್ಲಿ ಅಭಿರುಚಿಯುಳ್ಳ ಆ ಊರು ಇಂಥ ಸಂಸ್ಥೆಗೆ ತಕ್ಕ ಸ್ಥಾನವೇ ಸರಿ. 1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳವರು ಲಿಂಗೈಕ್ಯರಾಗುವ ಹೊತ್ತಿಗೆ ಅವರ ಶಿಷ್ಯರಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡರಂಥವರಿದ್ದರು. ಇವರಲ್ಲಿ ರಾಜಗುರುಗಳಾಗಲಿ ಜಂಬಲದಿನ್ನಿಯವರಾಗಲಿ ಅಂಧರಲ್ಲವೆಂಬುದನ್ನು ಓದುಗರು ಗಮನಿಸಬೇಕು. ಕಣ್ಣುಳ್ಳವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಶ್ರುತಿಗೆ ದನಿಗೂಡಿಸಿ, ಒಬ್ಬನೇ ಗುರುವಿನಿಂದ ಬೈಸಿಕೊಂಡು ಕಲಿತರು. ವಿಕಲಚೇತನ ಮಕ್ಕಳನ್ನು ಉಳಿದ ಮಕ್ಕಳೊಡನೆ ಕೂಡಿಸಿ ಕಲಿಸಬೇಕೆಂಬ ಯೋಜನೆಯನ್ನು ಭಾರತ ಸರಕಾರವು ಹೊರಡಿಸಿದುದು 1974ರಲ್ಲಿ. ಅದಕ್ಕೆ ಅರವತ್ತು ವರ್ಷ ಮೊದಲೇ ಆರಂಭವಾಗಿದ್ದ ಈ ಶಾಲೆಯಲ್ಲಿ ಗುರುವೇ ಅಂಧನಾಗಿದ್ದುದರಿಂದ ಯಾರನ್ನು ಯಾರೊಡನೆ ಕೂಡಿಸಬೇಕೆಂಬ ಪ್ರಶ್ನೆ ತಲೆದೋರುವಂತೆಯೇ ಇರಲಿಲ್ಲ.

ಗುರುಗಳ ತರುವಾಯ ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳವರಿಗೆ ಆಗ ಮೂವತ್ತು ವರ್ಷ. 1914ರ ಮಾರ್ಚ್ 3ರಂದು, ಅಂದರೆ ಶಾಲೆ ಹುಟ್ಟಿದ ವರ್ಷವೇ, ಹುಟ್ಟಿದವರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಸೋದರಮಾವನ ಆಶ್ರಯದಲ್ಲಿ ಬೆಳೆದು ಅವನ ಕೈಹಿಡಿದೇ ಗವಾಯಿಗಳ ಬಳಿಗೆ ಬಂದವರು. ಗಾಯನದಲ್ಲಿ ಮಾತ್ರವಲ್ಲದೆ ಪೇಟಿ, ತಬಲಾ, ಪಿಟೀಲು, ಸಾರಂಗಿ, ಸಿತಾರು ಮೊದಲಾದ ಅನೇಕ ವಾದ್ಯಗಳಲ್ಲಿಯೂ ಅವರು ಪ್ರವೀಣರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿ ತ್ರಿಭಾಷಾ ಕವಿಗಳೆನಿಸಿದರು. ಅವರ ಪಾಂಡಿತ್ಯವನ್ನು ಕುರಿತು ಬಲ್ಲವರು ಬರೆದಿದ್ದಾರೆ. ನನಗೆ ಇಲ್ಲಿ ಮುಖ್ಯವಾದುದು ಅವರು ಆಶ್ರಮದ ಒಲೆಯನ್ನು ಆರದಂತೆ ಇಟ್ಟ ಬಗೆ. ಅದಕ್ಕಾಗಿ ಅವರು ಹಿಡಿದ ಮಾರ್ಗಗಳಲ್ಲಿ ಒಂದು ನಾಟಕ. ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯಸಂಘವೆಂಬ ಕಂಪನಿಗಾಗಿ ತಾವೇ ನಾಟಕಗಳನ್ನು ಬರೆದು, ರಾಗ ಕೂಡಿಸಿ, ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕಿಸಿದರು. ಸುಗ್ಗಿ ಮುಗಿಸಿದ ರೈತರು ಬನಶಂಕರಿಯಂಥ ಜಾತ್ರೆಗಳ ಥೇಟರುಗಳ ಮುಂದೆ ಸಾಲುಗಟ್ಟಿ ನಿಂತು ಟಿಕೇಟು ಕೊಂಡರು. ಆ ಕಲೆಕ್ಷನ್ನು ಅಂಧ ಅನಾಥರ ಅನ್ನವಾಯಿತು. ಪಾಲನಾ ಸಂಸ್ಥೆಯೊಂದರ ವಿರಾಮ ಕಾರ್ಯಕ್ರಮವೆಂದರೆ ಹೊರಗಿನವರು ಬಂದು ಒಳಗಿನವರನ್ನು ರಂಜಿಸಿ ಹೋಗುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಗಾಂಧಿಜಯಂತಿಯಂದೋ ದಾನಿಯ ಹುಟ್ಟುಹಬ್ಬದಂದೋ ನಾಲ್ಕು ಹಾಡು, ಒಂದಿಷ್ಟು ಹಣ್ಣು, ಒಂದು ಭಾವಚಿತ್ರ. ಇಲ್ಲಿ ಅದು ತಿರುಗುಮುರುಗಾಯಿತು. ಒಳಗಿನವರ ವಿದ್ಯೆಯಿಂದ ಹೊರಗಿನ ಸಾವಿರಾರು ಜನರಿಗೆ ವಿರಾಮವು ದೊರೆಯಿತು. ಉಪಕಾರ ಮಾಡುವವರು ಯಾರು, ಪಡೆಯುವವರು ಯಾರೆಂಬುದು ಹೀಗೆ ಅದಲುಬದಲಾದಾಗ ಆಶ್ರಯದಲ್ಲಿರುವವನ ಬೆನ್ನು ನೆಟ್ಟಗಾಗುತ್ತದೆ. ಯಾವ ಔಷಧಿಯೂ ಮಾಡಲಾರದ ಕೆಲಸವಿದು.

ಇನ್ನೊಂದು ಮಾರ್ಗ ತುಲಾಭಾರ. ಭಕ್ತರು ತಕ್ಕಡಿಯ ಒಂದು ತಟ್ಟೆಯಲ್ಲಿ ಪುಟ್ಟರಾಜ ಗವಾಯಿಗಳವರನ್ನು ಕುಳ್ಳಿರಿಸಿ ಇನ್ನೊಂದರಲ್ಲಿ ನಾಣ್ಯಗಳನ್ನು ತುಂಬುತ್ತಿದ್ದರು, ತೂಗಿದುದೆಲ್ಲ ಆಶ್ರಮಕ್ಕೆ. ಹಾವೇರಿ, ಗದಗ, ಧಾರವಾಡ, ಬಾಗಲಕೋಟೆ, ಕೊಪ್ಪಳಗಳ ಸೀಮೆಯಲ್ಲಿ ಈ ತುಲಾಭಾರ ನಡೆಯದ ದೊಡ್ಡ ಊರು ದುರ್ಲಭ. ಮೈಯಲ್ಲಿ ಕಸುವು ಕುಂದಿದ ಮುಪ್ಪಿನಲ್ಲಿಯೂ ಅಷ್ಟು ದೂರ ಪಯಣಿಸಿ ತಕ್ಕಡಿಯನ್ನೇರುತ್ತಿದ್ದ ಅವರ ಶ್ರಮವನ್ನು ಕಂಡವರು, ತೂಗಿಸಿಕೊಳ್ಳುವುದೂ ಒಂದು ದುಡಿಮೆಯೇ ಎಂದು ಒಪ್ಪಿಯಾರು. ಮೂರನೆಯದು ಪುರಾಣ. ಶ್ರಾವಣಮಾಸದಲ್ಲಿ ಹತ್ತಿಮತ್ತೂರಿನಂಥ ಊರುಗಳ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುವರಷ್ಟೆ. ಹೇಳುವವರು ಒಬ್ಬರು, ಹಾಡುವವರು ಇನ್ನೊಬ್ಬರು, ತಬಲಾ ಬಾರಿಸುವವರು ಮತ್ತೊಬ್ಬರು. ಈ ಮೂವರಲ್ಲಿ ಒಬ್ಬರಾದರೂ ಪುಣ್ಯಾಶ್ರಮದಲ್ಲಿ ಕಲಿತವರಾಗಿರುವುದು ನಮ್ಮ ಕಡೆ ಸಾಮಾನ್ಯ ಸಂಗತಿ.

ಆರೋಗ್ಯದ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಸಂಗೀತದಿಂದ ಇಂಥ ರೋಗ ವಾಸಿಯಾಯಿತು, ಇಂಥ ರಾಗದಿಂದ ಇಂಥ ನೋವು ಶಮನವಾಯಿತು ಎಂದು ಹೇಳುವ ಗ್ರಂಥಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ನನಗೆ ನಂಬಿಕೆ ಸಾಲದು. ಆದರೆ ನಸುಕಿನಲ್ಲೆದ್ದು ಮಂದ್ರದ ಷಡ್ಜವನ್ನು ಹಿಡಿದು ಉಸಿರನ್ನು ಹತೋಟಿಯಲ್ಲಿಟ್ಟು ಸಾಧನೆಮಾಡುವವನು ನೆಟ್ಟಗೆ ಕೂಡಬೇಕು, ಎದೆತುಂಬ ಉಸಿರು ಸೆಳೆಯಬೇಕು, ಹಿತಮಿತವಾಗಿ ಉಣ್ಣಬೇಕು, ತಂಬಾಕು ಹೊಗೆಗಳಿಂದ ದೂರವಿರಬೇಕು; ಇವೆಲ್ಲ ಗವಾಯಿಯ ಕಟ್ಟಳೆಗಳೂ ಹೌದು, ಆರೋಗ್ಯದ ಕಟ್ಟಳೆಗಳೂ ಹೌದು. ಕುರುಡುತನವನ್ನೇ ತಡೆಯುವ ಕೆಲಸವು ಬೇರೆ ಕೈಗಳಿಂದ ನಡೆಯಿತು. ಬೀಳಗಿಯಲ್ಲಿ ಹುಟ್ಟಿ ದಾವಣಗೆರೆಯಲ್ಲಿ ಕಣ್ಣಾಸ್ಪತ್ರೆಯನ್ನು ನಡೆಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಸ್ತ್ರಚಿಕಿತ್ಸೆಯ ಶಿಬಿರಗಳನ್ನು ಕೊಂಡೊಯ್ದು, ಮುದುಕರ ಕಣ್ಣಿನ ಪೊರೆಯನ್ನು ಬಿಡಿಗಾಸಿಲ್ಲದೆ ತೆಗೆದರು. ಸಿಡುಬು 1977ರ ಹೊತ್ತಿಗೆ ಭಾರತದಿಂದ ತೊಲಗಿದುದು ಅಧಿಕೃತವಾಯಿತು. ಹಳೆಯ ಕಾಲದಲ್ಲಿ ಆಶ್ರಮದ ಬಾಗಿಲಿಗೆ ಮಕ್ಕಳನ್ನು ತಂದು ಬಿಡುತ್ತಿದ್ದ ಕಾರಣಗಳಲ್ಲಿ ಒಂದು ಹೀಗೆ ಇಲ್ಲವಾಯಿತು. ಬಡತನವೆಂಬ ಕಾರಣವು ಉಳಿದೇ ಇದೆ.

ಇನ್ನು ಮೌಲ್ಯಮಾಪನದ ಮಾತು. ಕಲಿಸಿದುದು ಫಲಿಸಿತೇ ಎಂಬುದನ್ನು ತಿಳಿಯಲು ಆಶ್ರಮಕ್ಕಿದ್ದ ಮೊದಲನೆಯ ಸಾಧನ ಗುರುವಿನ ಕಿವಿ. ಹೊಸದಾಗಿ ಬಂದ ಬಾಲಕನ ಕಂಠ, ಲಯಜ್ಞಾನ, ಬೆರಳುಗಳ ಚುರುಕು, ನೆನಪು ಇವುಗಳನ್ನು ಪರೀಕ್ಷಿಸಿ ಅವನಿಗೆ ಗಾಯನವೋ, ತಬಲಾವೋ, ಪಿಟೀಲೋ, ಪುರಾಣ ಪ್ರವಚನವೋ ಎಂದು ಗೊತ್ತುಮಾಡದಿದ್ದರೆ ಒಂದೇ ಸಂಸ್ಥೆಯಿಂದ ಇಷ್ಟು ಬಗೆಯ ಕಲಾವಿದರು ಹೊರಬರುವುದು ಸಾಧ್ಯವಾಗುತ್ತಿರಲಿಲ್ಲವೆಂಬುದು ಶಿಷ್ಯಪರಂಪರೆಯನ್ನು ನೋಡಿದರೇ ತಿಳಿಯುತ್ತದೆ. ಗುರುವಿನ ಕಿವಿಗೆ ದಾಕ್ಷಿಣ್ಯವಿಲ್ಲ. ಅದು ನಿತ್ಯವೂ ಕೇಳುತ್ತದೆ, ನಿನ್ನೆಯ ದನಿಯೊಡನೆ ಇಂದಿನದನ್ನು ಹೋಲಿಸುತ್ತದೆ. ಎರಡನೆಯದು ಗಾಂಧರ್ವ ಮಹಾವಿದ್ಯಾಲಯದ ಮತ್ತು ರಾಜ್ಯ ಸರಕಾರದ ಸಂಗೀತ ಪರೀಕ್ಷೆಗಳು. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಕೆಲಸ ಸಿಗಬೇಕಾದರೆ ಈ ಪ್ರಮಾಣಪತ್ರಗಳು ಬೇಕೇಬೇಕು. ಮೂರನೆಯದು ಕೇಳುಗರ ಸಭೆ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಹನ್ನೆರಡರ ಹರೆಯದಲ್ಲಿ ಬಂದು ಹನ್ನೆರಡು ವರ್ಷ ಪುಟ್ಟರಾಜ ಗವಾಯಿಗಳವರ ಸನ್ನಿಧಿಯಲ್ಲಿ ಕಲಿತ ವೆಂಕಟೇಶ ಕುಮಾರರು ಇಂದು ಹಾಡುವುದನ್ನು ಕೇಳಿದವರಿಗೆ ಆಶ್ರಮದ ಪಾಠದ ಬೆಲೆಯನ್ನು ಬೇರೆಯಾಗಿ ಅಳೆದು ತೋರಿಸಬೇಕಾಗಿಲ್ಲ.

ಹೀಗೆ ಹೇಳಿ ಸುಮ್ಮನಾಗಬಹುದಾಗಿತ್ತು. ಸ್ಮರಣ ಸಂಚಿಕೆಗಳ ಮರ್ಯಾದೆಯೂ ಅಷ್ಟಕ್ಕೇ ನಿಲ್ಲುವಂಥದು. ಆದರೆ ಈ ಮೂರೂ ಮಾಪನಗಳು ಅಳೆಯುವುದು ವಿದ್ಯೆಯನ್ನು. ವಿದ್ಯೆಯಲ್ಲಿ ಮೇಲೆ ಬಂದವನ ಹೆಸರು ಉಳಿಯುತ್ತದೆ; ಕಂಠವೂ ಲಯವೂ ಒಲಿಯದ ಬಾಲಕನು ಆಶ್ರಮದಲ್ಲಿ ಕಳೆದ ವರ್ಷಗಳಿಂದ ಅವನಿಗೆ ಆದುದೇನು? ನಗುವುದನ್ನು ಕಲಿತನೇ, ಗೆಳೆಯರನ್ನು ಪಡೆದನೇ, ಊರಿಗೆ ಮರಳಿದ ಮೇಲೆ ಒಬ್ಬನೇ ಸಂತೆಗೆ ಹೋಗಬಲ್ಲವನಾದನೇ, ರಾತ್ರಿ ನಿದ್ದೆ ಬಂದಿತೇ? ಇವುಗಳನ್ನು ಯಾವ ಪರೀಕ್ಷಾ ಮಂಡಲಿಯೂ ಕೇಳದು. ನೂರಾರು ಹಳೆಯ ವಿದ್ಯಾರ್ಥಿಗಳು ಹಳ್ಳಿಗಳ ಭಜನಾಮೇಳಗಳಿಗೆ ಪೇಟಿ ಬಾರಿಸುತ್ತ, ಕನ್ನಡ ಶಾಲೆಗಳಲ್ಲಿ ಪ್ರಾರ್ಥನೆ ಕಲಿಸುತ್ತ ಜೀವನ ಸಾಗಿಸುತ್ತಿದ್ದಾರೆ; ಅಂಥವರ ಬಾಳೇ ಸಂಸ್ಥೆಯ ನಿಜವಾದ ಲೆಕ್ಕಪತ್ರವಾದರೂ ಅದನ್ನು ಬರೆದಿಡಲು ಯಾರೂ ಕುಳಿತಿಲ್ಲ. ಈ ಒಂದು ಅಂಶದಲ್ಲಿ ಹೊಸ ಪದ್ಧತಿಯಿಂದ ನಾವು ಕಲಿಯಬೇಕಾದುದುಂಟು. ಆಶ್ರಯಕ್ಕೆ ಬಂದವನ ಇಷ್ಟಾನಿಷ್ಟಗಳನ್ನೂ ಮೈಸ್ಥಿತಿಯನ್ನೂ ಮೊದಲ ದಿನವೇ ಬರೆದುಕೊಳ್ಳುವುದು, ಅವನನ್ನೇ ಕೇಳಿ ಒಂದೆರಡು ಗುರಿಗಳನ್ನು ಗೊತ್ತುಮಾಡುವುದು, ಕೆಲವು ತಿಂಗಳಿಗೊಮ್ಮೆ ಬರೆದುದನ್ನು ತೆಗೆದುನೋಡಿ ಗುರಿ ತಪ್ಪಿದ್ದರೆ ಕಾರ್ಯಕ್ರಮವನ್ನೇ ಬದಲಿಸುವುದು, ಇಷ್ಟೇ ಅದರ ತಿರುಳು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮನೋರೋಗದಿಂದ ಚೇತರಿಸಿಕೊಳ್ಳುವವರಿಗೆ ತೋಟಗಾರಿಕೆ, ನೇಯ್ಗೆ, ಬೇಕರಿಯ ಕೆಲಸಗಳನ್ನು ಕೊಡುವಾಗ, ಮಾಡಿದ ರೊಟ್ಟಿ ಚೆನ್ನಾಯಿತೇ ಎಂಬುದಕ್ಕಿಂತ ಮಾಡಿದವನು ಚೆನ್ನಾದನೇ ಎಂಬುದನ್ನು ಗಮನಿಸುವುದು ವಾಡಿಕೆ.

ಹಾಗೆಂದು ನಮೂನೆಯ ಕಾಗದಗಳನ್ನು ತುಂಬಿದೊಡನೆ ಪಾಲನೆ ನಡೆದಂತಾಯಿತೆಂದು ಯಾರೂ ಭ್ರಮಿಸಬಾರದು. ನಾನು ನೋಡಿದ ಒಂದು ವೃದ್ಧಾಶ್ರಮದಲ್ಲಿ, ಅದರ ಹೆಸರು ಬೇಡ, ‘ಮನರಂಜನೆ’ ಎಂಬ ಕಾಲಮ್ಮಿನಲ್ಲಿ ತಿಂಗಳುಗಟ್ಟಲೆ ಸರಿಗುರುತು ಬಿದ್ದಿತ್ತು. ವಿಚಾರಿಸಲಾಗಿ, ಎತ್ತರದ ಗೋಡೆಗೆ ಬಡಿದ ಒಂದು ಟಿವಿ, ಅದರ ರಿಮೋಟು ಮೇಲ್ವಿಚಾರಕನ ಜೇಬಿನಲ್ಲಿ. ಅಲ್ಲಿಯ ಮುದುಕಿಯರಲ್ಲಿ ಇಬ್ಬರಿಗೆ ಬೀಸುವ ಕಲ್ಲಿನ ಹಾಡುಗಳು ರಾಶಿರಾಶಿಯಾಗಿ ಬರುತ್ತಿದ್ದುವು. ಕೇಳಿದವರಿರಲಿಲ್ಲ.

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿ ಭಾರತವು ಮರುವರ್ಷ ಒಪ್ಪಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯು ಅವರಿಗೆ ಸಾಂಸ್ಕೃತಿಕ ಜೀವನ, ವಿರಾಮ, ಕ್ರೀಡೆಗಳಲ್ಲಿ ಪಾಲುಗೊಳ್ಳುವ ಹಕ್ಕನ್ನು ಹೇಳುತ್ತದೆ. 2016ರ ನಮ್ಮ ವಿಕಲಚೇತನರ ಹಕ್ಕುಗಳ ಕಾಯಿದೆಯ 29, 30ನೆಯ ಪ್ರಕರಣಗಳು ಅದನ್ನೇ ಸರಕಾರಗಳ ಕರ್ತವ್ಯವನ್ನಾಗಿ ಮಾಡಿವೆ. ಕಾಯಿದೆ ಬಂದುದು ಸಂತೋಷ. 2010ರಲ್ಲಿ ಪದ್ಮಭೂಷಣವನ್ನು ಪಡೆದು ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳವರ ಕಾಲದಲ್ಲಿ ಹಕ್ಕೆಂಬ ಮಾತಿಲ್ಲದೆ ನಡೆದುದನ್ನು, ಅವರ ತರುವಾಯ ಆಶ್ರಮವನ್ನು ನಡೆಸುತ್ತಿರುವ ಕಲ್ಲಯ್ಯಜ್ಜನವರ ಕಾಲದಲ್ಲಿ ಹಕ್ಕೆಂದೇ ಕೇಳಬಹುದಾಗಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಆಶ್ರಮಕ್ಕೆ ಹೋಗಿ ಕಲಿತು ಬಂದವರಲ್ಲಿ ಹಿರಿಯರನೇಕರು ಈಗ ಎಪ್ಪತ್ತು ದಾಟಿದ್ದಾರೆ. ಅವರಿರುವ ಊರುಗಳಿಗೆ ಹೋಗಿ, ಯಾವ ವರ್ಷ ಯಾರ ಕೈಹಿಡಿದು ಗದುಗಿಗೆ ಹೋದಿರಿ, ಬೆಳಗಿನ ಪಾಠ ಎಷ್ಟು ಹೊತ್ತಿಗೆ, ಬೇನೆ ಬಿದ್ದರೆ ನೋಡಿಕೊಳ್ಳುತ್ತಿದ್ದವರು ಯಾರು, ಆಡುತ್ತಿದ್ದ ಆಟ ಯಾವುದು, ಕಲಿತುದರಲ್ಲಿ ಇಂದು ಉಪಯೋಗಕ್ಕೆ ಬರುತ್ತಿರುವುದೇನು, ಯಾವುದು ಬೇಡವಾಗಿತ್ತು ಎಂದು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ಸಂಚಿಕೆಯ ಮುಂದಿನ ಸಂಪುಟಕ್ಕಾಗಿ ನಮ್ಮ ಕಾಲೇಜುಗಳ ತರುಣರು ಕೈಗೊಳ್ಳಬಹುದು. ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಆ ಹಿರಿಯರಲ್ಲಿ ಒಬ್ಬಿಬ್ಬರನ್ನು ಜೊತೆಗೆ ಕೂಡಿಸಿಕೊಂಡರೆ ಒಳಿತು, ಏಕೆಂದರೆ ಕೇಳಬೇಕಾದುದು ಯಾವುದೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.